ಎದುರಿನವನ ಸ್ವಿಚ್ಚು

"ಅಜ್ಜಾ, ನಾಗಭೂಷಣನಿಗೆ ಕಲಿಸಿದ ಯಾವುದನ್ನು ನೀವು ನನಗೆ ಕಲಿಸದೆ ಉಳಿಸಿಕೊಂಡಿದ್ದೀರಿ?"

ಮಠದ ಅಜ್ಜನವರನ್ನು ಹೀಗೆ ಕೇಳಿದವನು ಶಿಷ್ಯ ಈರಯ್ಯ. ಕೇಳುವ ಮೊದಲೇ ಬಟ್ಟೆಯ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದ. ಶ್ರಾವಣದ ಪುರಾಣವನ್ನು ಆ ವರ್ಷ ಅವನೂ ಜೊತೆಯ ಶಿಷ್ಯ ನಾಗಭೂಷಣನೂ ದಿನ ಬಿಟ್ಟು ದಿನ ಓದುತ್ತಿದ್ದರು. ನಾಗಭೂಷಣ ಓದಿದ ದಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಈರಯ್ಯ ಓದಿದ ದಿನ ಅದೇ ಹೆಂಗಸರು ಆಕಳಿಸುತ್ತಿದ್ದರು. ಬರುವ ವರ್ಷದಿಂದ ನಾಗಭೂಷಣನೊಬ್ಬನೇ ಓದಲಿ ಎಂದು ಊರಿನ ಹಿರಿಯರು ಹೇಳಿಹೋಗಿದ್ದರು.

"ಅವನು ಏಳುವ ಹೊತ್ತಿಗೇ ಏಳುತ್ತೇನೆ. ಅವನು ಉಣ್ಣುವಷ್ಟೇ ಉಣ್ಣುತ್ತೇನೆ. ಅವನು ದನಿ ಇಳಿಸುವಲ್ಲಿ ಇಳಿಸುತ್ತೇನೆ, ತಡೆಯುವಲ್ಲಿ ತಡೆಯುತ್ತೇನೆ. ಅವನು ತಡೆದರೆ ಜನರ ಗಂಟಲು ಕಟ್ಟುತ್ತದೆ. ನಾನು ತಡೆದರೆ, ಮುಂದಿನದು ಮರೆತನೇನೋ ಅಂತಾರೆ."

ಅಜ್ಜನವರು ಅವನನ್ನು ಕೂರಿಸಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೈಕ್‌ಸೆಟ್ಟಿನವನಿದ್ದ. ಅವನ ಅಂಗಡಿಯ ಎದುರಿಗೇ ಇನ್ನೊಬ್ಬ ಬಂದು ಮೈಕ್‌ಸೆಟ್ಟಿನ ಅಂಗಡಿ ಇಟ್ಟ. ಇಬ್ಬರ ಸ್ಪೀಕರುಗಳೂ ಒಂದೇ ತರದವು. ಆದರೆ ಎದುರಿನವನ ಬಳಿ ಸಬ್‌ವೂಫರ್ ಇತ್ತು. ಹಾಡಿನ ತಳದ ದನಿಯನ್ನು ಎತ್ತಿ ಕೊಡುವ, ಕರೆಂಟಿಗೆ ಹಾಕುವ ದೊಡ್ಡ ಪೆಟ್ಟಿಗೆ ಅದು. ಡೊಳ್ಳಿಗೆ ಬಿದ್ದ ಪೆಟ್ಟು ಕೇಳುವವನ ಎದೆಗೇ ಬಿದ್ದಂತಾಗುತ್ತಿತ್ತು. ಮದುವೆ ಮನೆಯವರು ಎದುರಿನ ಅಂಗಡಿಯ ಮೆಟ್ಟಿಲನ್ನೇ ಹತ್ತತೊಡಗಿದರು.

ಮೂರು ವರ್ಷ ಇವನು ಆ ದನಿ ಕೇಳಿದ. ಉಂಡ ಅನ್ನ ಮೈಗೆ ಹತ್ತಲಿಲ್ಲ. ಎದುರಿನವನು ನಕ್ಕರೆ ತನ್ನನ್ನು ನೋಡಿಯೇ ನಕ್ಕ ಎಂದುಕೊಂಡ. ಒಮ್ಮೆ ಆ ಪೆಟ್ಟಿಗೆ ಮಳೆಯಲ್ಲಿ ನೆನೆದು ಕೆಟ್ಟಿತೆಂದು ಕೇಳಿ ಮನೆಯಲ್ಲಿ ಹೋಳಿಗೆ ಮಾಡಿಸಿದ. ಮಾರನೆಯ ದಿನ ಅದು ಮತ್ತೆ ಗುಡುಗಿತು. ಉಳಿದ ಹೋಳಿಗೆ ಎಮ್ಮೆಗೆ ಹೋಯಿತು.

ತಂಗಿಯ ಮಗಳ ಮದುವೆ ಗೊತ್ತಾದಾಗ, ಅಂಥದೇ ಪೆಟ್ಟಿಗೆಯನ್ನು ಇವನೂ ತಂದ. ಮದುವೆಯ ಹಿಂದಿನ ದಿನ ಎದುರಿನವನು ಒಂದು ಸೀಮಂತಕ್ಕೆ ಸೆಟ್ಟು ಹಾಕಿದ್ದ. ಇವನು ಅಲ್ಲಿಗೆ ಹೋದ. ಚಪ್ಪಲಿ ಹುಡುಕುವವನಂತೆ ಪೆಟ್ಟಿಗೆಯ ಹಿಂದೆ ಬಗ್ಗಿದ. ಯಾವ ಗುಂಡಿ ಎಲ್ಲಿಗೆ ತಿರುಗಿದೆ, ಯಾವ ಸ್ವಿಚ್ಚು ಯಾವ ಕಡೆಗಿದೆ ಎಂದು ಎಡ ಅಂಗೈಯಲ್ಲಿ ಬರೆದುಕೊಂಡು ಬಂದ. ತನ್ನ ಪೆಟ್ಟಿಗೆಯಲ್ಲೂ ಎಳ್ಳಷ್ಟು ತಪ್ಪದೆ ಹಾಗೇ ಇಟ್ಟ.

ಮದುವೆಯ ಬೆಳಿಗ್ಗೆ ಹಂದರದಲ್ಲಿ ಸೆಟ್ಟು ಹಾಕಿದ. ಹಾಡಿಗೂ ಮೊದಲೇ ಪೆಟ್ಟಿಗೆ ಗುಂಯ್ ಎಂದಿತು. ಕೆಲಸ ಬಲ್ಲವನು, ಪೆಟ್ಟಿಗೆಯ ಪ್ಲಗ್ಗನ್ನೂ ದನಿ ಹದಮಾಡುವ ಮಿಕ್ಸರಿನ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ತಂದ. ಗುಂಯ್ ನಿಂತಿತು. ಹಾಡು ಹಚ್ಚಿದ. ತಳದ ದನಿಯೇ ಇಲ್ಲ. ಫ್ಯೂಸು ನೋಡಿದ, ಸರಿಯಿತ್ತು. ವೈರು ಬದಲಿಸಿದ, ಅದರಿಂದೇನೂ ಆಗಲಿಲ್ಲ. ಕೈಯಿಟ್ಟು ನೋಡಿದರೆ ಪೆಟ್ಟಿಗೆ ಅದುರುತ್ತಿತ್ತು. ದನಿ ಹೆಚ್ಚಿಸಿದ. ಹಾಡು ಇನ್ನೂ ತೆಳ್ಳಗಾಯಿತು. ಪೆಟ್ಟಿಗೆಯನ್ನು ಬಂದ್ ಮಾಡಿದರೆ ಅದೇ ಹಾಡು ಕೊಂಚ ತುಂಬಿಕೊಂಡಿತು.

ತಂಗಿ ಬಂದಳು. "ಅಣ್ಣಾ, ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಅಕ್ಕಿ ತುಂಬಿದ್ದೀರಾ ಅಂತ ಬೀಗರು ಕೇಳ್ತಿದ್ದಾರೆ. ಅಕ್ಷತೆಯ ಹೊತ್ತಿಗೆ ಸರಿಹೋಗದಿದ್ದರೆ ಎದುರಿನವರಿಗೆ ಹೇಳಿ ಕಳಿಸ್ತೀನಿ. ಸಿಟ್ಟು ಮಾಡ್ಕೋಬೇಡ."

ನೆಂಟರ ಹಂದರದಲ್ಲಿ ಎದುರಿನವನ ದನಿ ಕೇಳಿಬಂದರೆ ಆ ಊರಿನಲ್ಲಿ ಇವನಿಗೆ ಇನ್ನು ಅಂಗಡಿ ತೆರೆಯುವ ಮುಖವಿರಲಿಲ್ಲ. ಇವನು ಎಲ್ಲವನ್ನೂ ಅನುಮಾನಿಸಿದ. ಕರೆಂಟನ್ನು, ಮಾರಿದವನನ್ನು, ಹಾಡನ್ನು. ಅಂಗೈಯಲ್ಲಿ ಬರೆದದ್ದನ್ನು ಮಾತ್ರ ಅನುಮಾನಿಸಲಿಲ್ಲ. ಅದು ಎದುರಿನವನದು; ತಪ್ಪಾಗುವುದು ಹೇಗೆ? ಹಾಗಾದರೆ ಇದು ಅವನು ಮಾಡಿಸಿದ ಮಾಟವೇ ಇರಬೇಕು ಎಂದು ಪೆಟ್ಟಿಗೆಗೆ ನಿಂಬೆಹಣ್ಣು ನಿವಾಳಿಸಿ ಒಡೆದ.

ನಿಂಬೆಹಣ್ಣಿಗೂ ದನಿ ಬರಲಿಲ್ಲ. ತಂಗಿ ಹೇಳಿ ಕಳಿಸಿದಳು. ಎದುರಿನವನು ಬಂದ, ಆದರೆ ಸೆಟ್ಟು ತರಲಿಲ್ಲ.

"ಒಂದು ಮದುವೆಗೆ ಎರಡು ಸೆಟ್ಟು ಯಾಕಕ್ಕಾ? ಮೊದಲು ಇರುವುದನ್ನು ನೋಡೋಣ" ಎಂದು ಪೆಟ್ಟಿಗೆಯ ಹಿಂದೆ ಬಗ್ಗಿದ. ಒಂದು ಚಿಕ್ಕ ಸ್ವಿಚ್ಚನ್ನು ಆ ಕಡೆಯಿಂದ ಈ ಕಡೆಗೆ ಹಾಕಿದ, ಅಷ್ಟೇ. ಹಾಡಿಗೆ ತಳ ಬಂತು. ಒಲೆಯ ಮುಂದಿದ್ದ ಅಡುಗೆಯವರೂ ತಲೆಯೆತ್ತಿದರು.

"ಈ ಸ್ವಿಚ್ಚು ಉಲ್ಟಾ ಇತ್ತು ಮಾರಾಯ" ಎಂದ ಎದುರಿನವನು. "ಸ್ಪೀಕರು ಗಾಳಿಯನ್ನು ಮುಂದಕ್ಕೆ ನೂಕುವಾಗ ಪೆಟ್ಟಿಗೆ ಹಿಂದಕ್ಕೆಳೆಯುತ್ತಿತ್ತು. ಅದು ಕೊಟ್ಟದ್ದನ್ನು ಇದು ತಿನ್ನುತ್ತಿತ್ತು. ನಾನು ನನ್ನ ಪೆಟ್ಟಿಗೆಯನ್ನು ಸ್ಪೀಕರಿನಿಂದ ದೂರ, ಹಂದರದ ಆ ತುದಿಯಲ್ಲಿ ಇಡುತ್ತೇನೆ. ಅಲ್ಲಿಂದ ದನಿ ಬರುವುದು ಕೊಂಚ ತಡ, ಉಲ್ಟಾ ಹಾಕಿದರೇ ಸ್ಪೀಕರಿನ ದನಿಗೆ ಕೂಡುತ್ತದೆ. ನೀನು ಪಕ್ಕದಲ್ಲೇ ಇಟ್ಟಿದ್ದೀಯಲ್ಲ, ನಿನಗೆ ನೆಟ್ಟಗೆ ಇರಬೇಕು. ಹೀಗೆ ಹಾಕು ಅಂತ ಯಾರು ಹೇಳಿದರು ನಿನಗೆ?"

ಇವನು ಎಡಗೈಯನ್ನು ಮುಷ್ಟಿ ಮಾಡಿಕೊಂಡ.

"ಮೂರು ವರ್ಷದಿಂದ ಎದುರುಬದುರು ಕೂತಿದ್ದೇವೆ" ಎಂದ ಎದುರಿನವನು. "ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ."

ಅಜ್ಜನವರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಈರಯ್ಯನ ಸಂಕಟ ಇನ್ನೂ ತೀರಿರಲಿಲ್ಲ.

"ಅವನಂತೆ ನಾನು ಓದಬಾರದು, ಅದು ತಿಳಿಯಿತು ಅಜ್ಜಾ. ಆದರೆ ಅವನು ಓದಿದರೆ ಜನ ಅಳುತ್ತಾರಲ್ಲ, ಅದು ಅವನಿಗೆ ಎಲ್ಲಿಂದ ಬಂತು?"

ಅಜ್ಜನವರು ಹೇಳಿದರು: "ಈ ಮಠಕ್ಕೆ ಬರುವ ಮೊದಲು ಅವನು ಯಾರನ್ನು ಮಣ್ಣು ಮಾಡಿ ಬಂದ, ಒಂದು ದಿನವಾದರೂ ಕೇಳಿದ್ದೀಯಾ?"

ಈರಯ್ಯ ಎದ್ದು, ಬಾಗಿಲ ಬಳಿಯ ಗಂಟನ್ನು ಒಳಗಿಟ್ಟು, ನಾಗಭೂಷಣನನ್ನು ಹುಡುಕಿಕೊಂಡು ಹೋದ.