ಎಂಟನೆಯ ಬೋಲ್ಟು

“ಗುರುಗಳೇ, ಮಾಡಿದ ತಪ್ಪನ್ನು ನಾವೇ ಸರಿಪಡಿಸಿದ ಮೇಲೂ ಅದನ್ನು ಹೇಳಿಕೊಳ್ಳಬೇಕೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ದಸ್ತಗೀರ ಎಂಬ ಕಾರು ಮೆಕ್ಯಾನಿಕ್ ಒಬ್ಬನಿದ್ದ. ಟ್ಯಾಕ್ಸಿ ಓಡಿಸುವ ಚನ್ನವೀರಯ್ಯ ಹನ್ನೆರಡು ವರ್ಷಗಳಿಂದ ಅವನ ಗಿರಾಕಿ. ಒಮ್ಮೆ ಟ್ಯಾಕ್ಸಿಯ ಮ್ಯಾನಿಫೋಲ್ಡ್ ಸೀಳುಬಿಟ್ಟಿತು. ಎಂಜಿನ್ನಿನ ಹೊಗೆಯನ್ನು ಸೈಲೆನ್ಸರಿನ ಕೊಳವೆಗೆ ದಾಟಿಸುವ ಎರಕದ ಭಾಗ ಅದು. ಹೊಸದನ್ನು ಹಾಕಬೇಕಾಯಿತು.

ದಸ್ತಗೀರ ಎಂಜಿನ್ ತಣ್ಣಗಾಗುವವರೆಗೆ ಕಾದ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಮತ್ತೆ ಕಾದ. ಏಳು ಬಿಚ್ಚಿಕೊಂಡವು. ಎಂಟನೆಯದು ಮಿಸುಕಲಿಲ್ಲ. ಊಟದ ಹೊತ್ತು ಮೀರಿತ್ತು. ಅವನು ಸ್ಪ್ಯಾನರಿನ ಮೇಲೆ ಮೈಭಾರ ಹಾಕಿದ. ಬೋಲ್ಟು ಎಂಜಿನ್ನಿನೊಳಗೇ ಮುರಿಯಿತು.

ತುಂಡನ್ನು ಕೊರೆದು ತೆಗೆದ. ಬೋಲ್ಟು ಕಚ್ಚಿಕೊಳ್ಳುವಂತೆ ತೂತಿಗೆ ಹೊಸ ಥ್ರೆಡ್ ಹಾಕಿ, ಹೊಸ ಬೋಲ್ಟಿನಿಂದ ಮ್ಯಾನಿಫೋಲ್ಡ್ ಕೂರಿಸಿದ. ಎಂಜಿನ್ ಓಡಿಸಿ ನೋಡಿದ. ಎಲ್ಲೂ ಹೊಗೆ ಸೋರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಸಂಜೆ ಚನ್ನವೀರಯ್ಯ ಬಂದಾಗ ದಸ್ತಗೀರ ಹೇಳಿದ: “ಅಣ್ಣಾ, ಒಂದು ಬೋಲ್ಟು ನನ್ನ ಆತುರಕ್ಕೆ ಮುರಿಯಿತು. ಸರಿಮಾಡಿದ್ದೇನೆ. ಆದರೂ ಮುಂದೆ ಎಂದಾದರೂ ಟಕಟಕ ಸದ್ದು ಬಂದರೆ, ತಲೆ ಭಾರವಾದರೆ, ಗಾಡಿ ನಿಲ್ಲಿಸಿ ಇಳಿದುಬಿಡಿ. ಬೋಲ್ಟು ಸಡಿಲಾಗಿ ಹೊಗೆ ಗಾಡಿಯೊಳಗೆ ಬರುತ್ತಿದೆ ಎಂದರ್ಥ. ಆ ಹೊಗೆ ವಿಷ.”

“ಇಷ್ಟು ವರ್ಷ ನಿನ್ನನ್ನು ನಂಬಿ ಬಂದೆನಲ್ಲ! ಬೋಲ್ಟು ಬಿಚ್ಚುವುದಕ್ಕೂ ಬರದವನು ನೀನು,” ಎಂದು ಚನ್ನವೀರಯ್ಯ ರೇಗಿದ. ಮತ್ತೆ ಆ ಗ್ಯಾರೇಜಿನ ಕಡೆ ಬರಲಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನಲ್ಲೂ ಹೇಳಿದ. ಇನ್ನೂ ಕೆಲವರು ಬರುವುದನ್ನು ಬಿಟ್ಟರು. ದಸ್ತಗೀರ ಬಹಳ ನೊಂದ. ಹೇಳಬಾರದಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಎರಡು ತಿಂಗಳಾಯಿತು. ಚನ್ನವೀರಯ್ಯ ಹೆಂಡತಿ ಮಗಳೊಡನೆ ಘಾಟಿ ಏರುತ್ತಿದ್ದ. ಚಳಿ ಎಂದು ಗಾಜುಗಳನ್ನೆಲ್ಲ ಏರಿಸಿದ್ದರು. ಎಂಜಿನ್ ಕಡೆಯಿಂದ ಸಣ್ಣಗೆ ಟಕಟಕ ಸದ್ದು ಶುರುವಾಯಿತು. ಹಿಂದಿನಿಂದ ಮಗಳು, “ಅಪ್ಪಾ, ತಲೆ ಸುತ್ತುತ್ತಿದೆ,” ಎಂದಳು. ಅವನು ಒಡನೆ ಗಾಡಿ ನಿಲ್ಲಿಸಿದ. ಇಬ್ಬರನ್ನೂ ಇಳಿಸಿ ಗಾಳಿಗೆ ಕೂರಿಸಿದ. ಮುಂದಿನ ಊರಿನಿಂದ ಬಂದ ಮೆಕ್ಯಾನಿಕ್ ನೋಡಿದಾಗ ಅದೇ ಬೋಲ್ಟು ಸಡಿಲವಾಗಿತ್ತು. ಬಿಗಿಮಾಡಿ ಕೊಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮೇಲಾದರೂ ಅವನು ದಸ್ತಗೀರನ ಬಳಿ ಬಂದನೇ?” ಎಂದು ಶಿಷ್ಯ ಕೇಳಿದ.

“ಇಲ್ಲ.”

“ಹಾಗಾದರೆ ನಿಜ ಹೇಳಿದ್ದಕ್ಕೆ ಗಿರಾಕಿ ಹೋದನಲ್ಲ, ಗುರುಗಳೇ?”

“ಹೋದ, ಹೆಂಡತಿ ಮಗಳನ್ನು ಕರೆದುಕೊಂಡು ಮನೆಗೆ ಹೋದ.”