ಒಗ್ಗದ ಸಾಸಿವೆ

“ಗುರುಗಳೇ, ಯಾರೊಂದಿಗೂ ಒಗ್ಗದವನು ಎಲ್ಲಿಗೆ ಹೋಗಬೇಕು?” ಎಂದು ಅಡವಯ್ಯ ಕೇಳಿದ. ಬಟ್ಟೆಯ ಗಂಟು ಆಗಲೇ ಅವನ ಕಂಕುಳಲ್ಲಿತ್ತು. “ಈ ಮಠದಲ್ಲಿ ನಾನಲ್ಲದೆ ಹದಿನಾರು ಮಂದಿ. ಒಬ್ಬರನ್ನೂ ಬಿಡದೆ ಹೊಂದಿಕೊಳ್ಳಲು ನೋಡಿದೆ. ಹದಿನಾರು ಮಂದಿಯ ಜೊತೆಗೂ ಜಗಳವಾಯಿತು.”

“ಅಡುಗೆಯವನ ಜೊತೆಗೂ?”

“ಅವನ ಜೊತೆ ಎರಡು ಸಲ.”

ಗುರುಗಳು ನಕ್ಕರು. “ಗಂಟು ಕೆಳಗಿಡು. ಕತೆ ಮುಗಿದ ಮೇಲೆ ಎತ್ತಿಕೊಳ್ಳುವೆಯಂತೆ,” ಎಂದು ಆರಂಭಿಸಿದರು.

ಒಬ್ಬ ರೈತನಿದ್ದ. ಅವನ ಕಣದಲ್ಲಿ ಸಾಸಿವೆಯ ರಾಶಿಯಿತ್ತು. ಹತ್ತು ಕೋಟಿ, ಅದರ ಮೇಲೆ ಒಂದು ಕಾಳು. ಎಣಿಸಿದವನು ಬೇರೆ ಯಾರೂ ಅಲ್ಲ, ನಾನೇ. ಬೆಳಗಿನ ಗಂಜಿ ಕುಡಿದು ಕೂತೆ, ಮಧ್ಯಾಹ್ನದ ಮಜ್ಜಿಗೆಗೆ ಎದ್ದೆ. ನಡುವೆ ಎರಡು ಸಲ ಸೀನು ಬಂತು. ಹಾರಿದ ಕಾಳುಗಳನ್ನು ಗಾಳಿಯಲ್ಲೇ ಎಣಿಸಿದೆ. ನಂಬದಿದ್ದರೆ ನೀನೇ ಎಣಿಸಿ ನೋಡು, ನಾನು ಬೇಡವೆನ್ನುವುದಿಲ್ಲ.

ರಾಶಿಯನ್ನು ಊರವರಿಗೆ ಬಿತ್ತನೆಗೆ ಹಂಚಬೇಕೆಂದು ರೈತನ ಆಸೆ. ಆದರೆ ಅವನ ತಾತ ಒಂದು ಮಾತು ಹೇಳಿ ಸತ್ತಿದ್ದ: ಋಣ, ಬೆಂಕಿ, ಹಗೆ, ಈ ಮೂರರ ಶೇಷ ಉಳಿಸಬೇಡ. ಮೊಮ್ಮಗ ಆ ಪಟ್ಟಿಗೆ ಸಾಸಿವೆಯನ್ನೂ ಸೇರಿಸಿಕೊಂಡ. ಎಲ್ಲರಿಗೂ ಸಮಪಾಲಾಗಬೇಕು, ಕಣದಲ್ಲಿ ಒಂದು ಕಾಳೂ ಉಳಿಯಕೂಡದು. ಉಳಿದರೆ ಯಾರಿಗೂ ಇಲ್ಲ.

ಇಬ್ಬರು ಬಂದರು. ಒಂದು ಕಾಳು ಉಳಿಯಿತು. ಮೂವರಾದರು. ಎರಡು ಉಳಿದವು. ನಾಲ್ವರಾದಾಗ ನಾನು ಎಣಿಸುವ ಗೋಜಿಗೇ ಹೋಗಲಿಲ್ಲ. ಎರಡಕ್ಕೆ ಒಗ್ಗದ್ದು ನಾಲ್ಕಕ್ಕೆ ಒಗ್ಗೀತೇ? ನಾಲ್ಕು, ಎಂಟು, ಹದಿನಾರು, ಎಲ್ಲ ಎರಡರ ಮಕ್ಕಳು ಮೊಮ್ಮಕ್ಕಳು. ಅಜ್ಜನಿಗೆ ಬಾಗಿಲು ಹಾಕಿದ ಮನೆ ಮೊಮ್ಮಗನಿಗೆ ಮಣೆ ಹಾಕುವುದಿಲ್ಲ. ಐವರಾದಾಗ ಒಂದು ಉಳಿಯಿತು. ಏಳಕ್ಕೆ ಮೂರು. ಹನ್ನೊಂದಕ್ಕೆ ಎರಡು. ಹದಿಮೂರಕ್ಕಂತೂ ಹತ್ತು! ಕೊನೆಗೆ ಹದಿನಾರು ಜನ ಸಾಲಾಗಿ ಕೂತರು. ಆಗಲೂ ಒಂದು ಕಾಳು ಕಣದ ನಡುವೆ ಕಣ್ಣು ಬಿಟ್ಟುಕೊಂಡು ಕೂತಿತ್ತು.

ರೈತನಿಗೆ ಅಳು ಬಂತು. “ಇದು ಯಾರಿಗೂ ಒಗ್ಗದ ರಾಶಿ. ಹೊಳೆಗೆ ಸುರಿದುಬಿಡುತ್ತೇನೆ,” ಎಂದು ಮೊರ ಎತ್ತಿದ.

ಆಗ ಒಬ್ಬ ಮುದುಕಿ ಓಡೋಡಿ ಬಂದಳು. ಅವಳ ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಮನೆಯಲ್ಲಿ ಸಾಸಿವೆ ಇರಲಿಲ್ಲ. “ಒಗ್ಗರಣೆಗೆ ಒಂದು ಚಿಟಿಕೆ ಕೊಡಪ್ಪ,” ಎಂದಳು.

“ಚಿಟಿಕೆ ಕೊಡುವ ಹಾಗಿಲ್ಲ ಅಜ್ಜಿ. ಕೊಟ್ಟರೆ ಸಮಪಾಲು.”

“ಹಾಗಾದರೆ ಬೇಗ ಎಣಿಸಿ. ಸಾರು ಉಕ್ಕೀತು!” ಎಂದು ಅವಳೂ ಸಾಲಿನಲ್ಲಿ ಕೂತಳು.

ಹದಿನೇಳು ಪಾಲಾಯಿತು. ಒಬ್ಬೊಬ್ಬರಿಗೆ ಐವತ್ತೆಂಟು ಲಕ್ಷದ ಎಂಬತ್ತೆರಡು ಸಾವಿರದ ಮುನ್ನೂರ ಐವತ್ತಮೂರು ಕಾಳು. ನಾನು ಬಗ್ಗಿ ಕಣವನ್ನು ಊದಿದೆ. ಧೂಳು ಎದ್ದಿತು, ಒಂದು ಕಾಳೂ ಏಳಲಿಲ್ಲ. ರೈತ ಮೊರ ಎಸೆದು ಮುದುಕಿಯ ಕಾಲಿಗೆ ಬಿದ್ದ. ಒಂದು ಚಿಟಿಕೆಗೆ ಬಂದವಳು ಮಡಿಲು ಹರಿಯುವಷ್ಟು ಹೊತ್ತು ಮನೆಗೆ ಹೋದಳು. ಸಾರು ಮಾತ್ರ ಉಕ್ಕಿಹೋಗಿತ್ತು.

“ಕತೆ ಇಷ್ಟೇ,” ಎಂದರು ಗುರುಗಳು.

ಅಡವಯ್ಯ ಗಂಟಿಗೆ ಕೈ ಹಾಕಿದ. “ಆ ರಾಶಿಗೆ ಹದಿನೇಳನೆಯವಳು ಸಿಕ್ಕಳು, ಗುರುಗಳೇ. ನನಗೆ ಯಾರಿದ್ದಾರೆ? ಈ ಮಠದಲ್ಲಿರುವವರನ್ನೆಲ್ಲ ಎಣಿಸಿಯಾಗಿದೆ.”

ಗುರುಗಳು ತುಸು ಸರಿದು, ಚಾಪೆಯ ಮೇಲೆ ತಮ್ಮ ಪಕ್ಕದಲ್ಲಿ ಒಬ್ಬನಿಗೆ ಜಾಗ ಮಾಡಿದರು.

“ನನ್ನನ್ನು ಎಣಿಸಿದೆಯಾ, ಮಗು?”