ತವರದ ದಳಪತಿಯ ಮುಖ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಕೋಪವನ್ನು ಬಿಟ್ಟೆ, ಅಸೂಯೆಯನ್ನು ಬಿಟ್ಟೆ. ಮನಸ್ಸಿನಲ್ಲಿ ಕೊಳೆಯೆಂಬುದು ಕಾಣುವುದಿಲ್ಲ. ಆದರೂ ತಾವು ಹೇಳಿಕೊಟ್ಟದ್ದು ಒಂದೂ ನನ್ನಲ್ಲಿ ನಿಲ್ಲುವುದಿಲ್ಲ. ಏಕೆ? ನಾನು ಮನೆಗೆ ಹಿಂದಿರುಗುವುದೇ ಸರಿಯೇನೋ."

ಗುರು ಹೇಳಿದರು:

ಒಬ್ಬ ಕುಶಲಕರ್ಮಿ ಇದ್ದ. ಹಿಂದಿನ ಯುದ್ಧಗಳ ಸೈನ್ಯವನ್ನು ತವರದಲ್ಲಿ ಎರಕ ಹೊಯ್ಯುತ್ತಿದ್ದ. ಅವನ ಬೊಂಬೆಗಳು ಗೇಣುದ್ದ, ಎಲೆಯಂತೆ ಚಪ್ಪಟೆ. ಕಣ್ಣು, ಮೀಸೆ, ಅಂಗಿಯ ನೆರಿಗೆ ಎಲ್ಲವೂ ಮೈಮೇಲಿನ ತೆಳು ಗೆರೆಗಳು. ಅಂಚಿಗೆ ಅಂಟಿದ ಹೆಚ್ಚಿನ ಲೋಹವನ್ನು ಅರದಿಂದ ಉಜ್ಜಿ, ಅಂಟುವಾಳದ ನೀರಿನಲ್ಲಿ ತೊಳೆದು, ಒಣಗಿಸಿ, ಬಿಳಿಯ ಲೇಪ ಕೊಟ್ಟು, ಆಮೇಲೆ ಬಣ್ಣ ಹಚ್ಚುವುದು ಅವನ ಕ್ರಮ.

ದಳಪತಿಯೊಬ್ಬನ ವಿಧವೆ ಅವನ ಬಳಿಗೆ ಬಂದಳು. ಗಂಡ ಯುದ್ಧದಲ್ಲಿ ಸತ್ತಾಗ ಮಗಳು ತೊಟ್ಟಿಲಲ್ಲಿದ್ದಳು. ಮಗಳು ತಂದೆಯ ಮುಖವನ್ನು ಒಮ್ಮೆಯಾದರೂ ನೋಡಬೇಕು, ಆ ಯುದ್ಧವನ್ನು ಬೊಂಬೆಗಳಲ್ಲಿ ಮಾಡಿಕೊಡು ಎಂದಳು. ಕುಶಲಕರ್ಮಿ ದಳಪತಿಯನ್ನು ಕಂಡಿದ್ದವನು. ಒಪ್ಪಿದ.

ಕಾಲಾಳುಗಳನ್ನು ತೊಳೆದು ಹಲಗೆಯ ಮೇಲೆ ಒಣಗಲು ಬಿಟ್ಟ. ದಳಪತಿಯನ್ನು ಹಾಗೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಮುಖದ ಮೇಲೆ ಹೆಬ್ಬೆರಳಾಡಿಸಿ, ಕೊಳೆ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ. ಅನಂತರ ಲೇಪ ಕೊಟ್ಟು ಬಣ್ಣ ಹಚ್ಚಿದ.

ಒಣಗಿದ ಬಣ್ಣ ಮುಖದಿಂದ ಸುಲಿದು ಬಿತ್ತು. ಅವನು ಕೆರೆದ, ತೊಳೆದ, ಇನ್ನೂ ಎಚ್ಚರದಿಂದ ಸವರಿ ನೋಡಿದ, ಮತ್ತೆ ಹಚ್ಚಿದ. ಮತ್ತೆ ಬಿತ್ತು. ಕೆರೆದಾಗಲೆಲ್ಲ ಮುಖದ ಗೆರೆಗಳು ಸವೆದವು. ಅವನನ್ನು ಎರೆದ ಅಚ್ಚು ಆಗಲೇ ಒಡೆದುಹೋಗಿತ್ತು. ಇನ್ನೊಮ್ಮೆ ಕೆರೆದರೆ ಮುಖವೇ ಉಳಿಯುವಂತಿರಲಿಲ್ಲ.

ವಿಧವೆ ಬಂದು ನೋಡಿದಳು.

"ಕಾಲಾಳುಗಳಿಗೆಲ್ಲ ಮುಖವಿದೆ. ನಮ್ಮ ಯಜಮಾನರೊಬ್ಬರೇ ಮುಖವಿಲ್ಲದೆ ಯುದ್ಧಕ್ಕೆ ಹೊರಟಿದ್ದಾರೆಯೇ?"

"ದೋಷ ಬಣ್ಣದ್ದು, ತಾಯಿ. ಇವರನ್ನು ತೊಳೆದಷ್ಟು ಚೊಕ್ಕಟವಾಗಿ ನಾನು ಬೇರೆ ಯಾರನ್ನೂ ತೊಳೆದಿಲ್ಲ."

"ಅದೇ ಬಣ್ಣ ಅವರ ಕುದುರೆಗೆ ಹಿಡಿದಿದೆಯಲ್ಲಪ್ಪ."

ಅವಳು ಹೋದ ಮೇಲೆ ಅವನು ಬಣ್ಣ ಬಿಟ್ಟ ಜಾಗವನ್ನು ನೋಡಿದ. ಅದು ಮೊಟ್ಟೆಯಂತೆ ಉದ್ದುರುಟಾಗಿತ್ತು. ಅದರ ಅಂಚಿನಲ್ಲಿ ಸುತ್ತುಸುತ್ತಾದ ಸಣ್ಣ ಗೆರೆಗಳಿದ್ದವು. ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟ. ಸರಿಯಾಗಿ ಕೂತಿತು. ತೊಳೆದ ಲೋಹಕ್ಕೆ ಪ್ರತಿ ಸಲವೂ ಅವನ ಬೆರಳಿನ ಜಿಡ್ಡೇ ಹತ್ತಿತ್ತು.

ಈ ಸಲ ಅವನು ಕೆರೆಯಲಿಲ್ಲ. ಉಳಿದ ಬಣ್ಣವನ್ನು ಅಂಟುವಾಳದ ನೀರಿನಲ್ಲೇ ನೆನೆಸಿ ಬಿಡಿಸಿದ. ಬೊಂಬೆಯನ್ನು ಬುಡದಲ್ಲಿ ಇಕ್ಕಳದಿಂದ ಹಿಡಿದು ಹಲಗೆಯ ಮೇಲೆ ನಿಲ್ಲಿಸಿ, ಕೋಣೆಯಿಂದ ಹೊರಗೆ ಹೋದ. ಒಣಗಿದ ಮೇಲೆ ಲೇಪ ಕೊಟ್ಟ, ಬಣ್ಣ ಹಚ್ಚಿದ. ಬಣ್ಣ ನಿಂತಿತು. ಮೂಗು ಸ್ವಲ್ಪ ಸವೆದಿತ್ತು. ಆದರೂ ವಿಧವೆ ಗಂಡನನ್ನು ಗುರುತಿಸಿದಳು, ಮಗಳನ್ನು ಹತ್ತಿರ ಕರೆದಳು.

ಶಿಷ್ಯ ಕೇಳಿದ: "ಮುಟ್ಟಿ ನೋಡದಿದ್ದರೆ ಚೊಕ್ಕಟವಾಗಿದೆಯೆಂದು ತಿಳಿಯುವುದು ಹೇಗೆ, ಗುರುಗಳೇ? ನಾನಂತೂ ನನ್ನ ಮನಸ್ಸನ್ನು ಬೆಳಿಗ್ಗೆ, ಸಂಜೆ ತಪ್ಪದೆ ಪರೀಕ್ಷಿಸಿಕೊಳ್ಳುತ್ತೇನೆ."

ಗುರು ಹೇಳಿದರು: "ತೊಳೆದದ್ದು ಸಾಕು ಮಗು, ಇನ್ನು ಕೈ ತೆಗೆ."